ಬೇವಿನ ಕಟ್ಟೆಯ ಮೇಲಿನ ಹಾರ್ಡ್ ಡಿಸ್ಕ್

2025ರ ಫೆಬ್ರವರಿ 11, ಮಂಗಳವಾರ. ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಕಲಘಟಗಿ ಪೊಲೀಸ್ ಠಾಣೆಗೆ ಒಬ್ಬ ಯುವತಿ ಒಬ್ಬಳೇ ಬಂದಳು. ಕೂಡ್ರಿ ಎಂದರೂ ಕೂರಲಿಲ್ಲ. ಕೈಚೀಲದಿಂದ ಕಂದು ಬಣ್ಣದ ಲಕೋಟೆಯೊಂದನ್ನು ತೆಗೆದು ಹೆಡ್ ಕಾನ್‌ಸ್ಟೇಬಲ್ ಭೀಮಶಿಯವರ ಮೇಜಿನ ಮೇಲಿಟ್ಟಳು. ಹೆಸರು ಸೌಂದರ್ಯಾ, ವಯಸ್ಸು ಇಪ್ಪತ್ತಾರು, ಊರು ಮಿಶ್ರಿಕೋಟಿ, ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಮಾರ್ಚ್ 9ಕ್ಕೆ ಅವಳ ಮದುವೆ ಗೊತ್ತಾಗಿತ್ತು. ವರ ಶಲವಡಿಯ ಪ್ರಭು.

ಲಕೋಟೆ ಮೂರು ದಿನಗಳ ಹಿಂದೆ ಪ್ರಭುವಿನ ಮನೆಗೆ ಅಂಚೆಯಲ್ಲಿ ಬಂದಿತ್ತು; ಅದೇ ದಿನ ಅವನು ಅದನ್ನು ಅವಳಿಗೆ ತಲುಪಿಸಿದ್ದ. ಒಳಗೆ ಬಿಳಿ ಕಾಗದದ ಮೇಲೆ ಮುದ್ರಿಸಿದ ಎರಡು ಫೋಟೋಗಳು. ಎರಡರಲ್ಲೂ ಹಸಿರು ಸೀರೆಯ ಸೌಂದರ್ಯಾ ಬೇರೊಬ್ಬ ಹುಡುಗನ ಪಕ್ಕದಲ್ಲಿ ಕುಳಿತಿದ್ದಳು. ಹಿಂದೆ ಹೂವಿನ ಚೌಕಟ್ಟು, ಮುಂದೆ ಹಣ್ಣಿನ ತಟ್ಟೆಗಳು. ಜೊತೆಗೆ ಟೈಪು ಮಾಡಿದ ನಾಲ್ಕು ಸಾಲು:

‘ಈ ಹುಡುಗಿಗೆ ಮೊದಲೇ ಒಬ್ಬನ ಜೊತೆ ನಿಶ್ಚಯ ಆಗಿತ್ತು. ನಿಮಗೆ ಹೇಳಿರಲಿಕ್ಕಿಲ್ಲ. ಮದುವೆ ನಿಲ್ಲಿಸಿರಿ. ಇಲ್ಲದಿದ್ದರೆ ಉಳಿದ ಫೋಟೋಗಳು ನಿಮ್ಮ ಊರಿನ ಎಲ್ಲರ ಮೊಬೈಲಿಗೆ ಬರುತ್ತವೆ.’

ಇನ್‌ಸ್ಪೆಕ್ಟರ್ ಪುಂಡಲೀಕ ಮಡ್ಲಿ ಅದನ್ನು ಎರಡು ಸಲ ಓದಿದರು.

“ಮನ್ಯಾಗ ಗೊತ್ತೈತೇನು, ನೀವು ಇಲ್ಲಿಗೆ ಬಂದದ್ದು?”

“ಇಲ್ರಿ. ಹಲ್ಲು ತೋರಸಾಕ ಹೊಂಟೇನಿ ಅಂತ ಹೇಳಿ ಬಂದೇನಿ.”

“ಫೋಟೋ ಖರೇನ?”

“ಖರೇನರಿ. ಇಪ್ಪತ್ತೊಂದರ ಡಿಸೆಂಬರ್‌ದಾಗ ನಿಶ್ಚಯ ಆಗಿತ್ತು. ಒಂಬತ್ತು ತಿಂಗಳಾದ ಮ್ಯಾಲ ಹುಡುಗ ಒಲ್ಲೆ ಅಂದ.”

“ಪ್ರಭುಗ ಹೇಳಿದ್ರೇನು?”

“ನೋಡಾಕ ಬಂದ ದಿವಸನ ಹೇಳೇನ್ರಿ. ಅವರ ಅವ್ವಗ ಅವರು ಹೇಳಿರಲಿಲ್ಲ.”

“ಆ ಹಳೇ ಹುಡುಗನ ಮ್ಯಾಲ ಸಂಶಯ?”

“ಎಲ್ಲಾರಿಗೂ ಐತ್ರಿ. ನನಗಿಲ್ಲ. ಅಂವಗ ನನ್ನ ಮಾರಿ ಸೈತ ನೆನಪಿರಾಕಿಲ್ಲ.” ಅವಳು ಆಗ ಕುಳಿತಳು. “ಅವನ ಕಳಿಸ್ಯಾನ ಅಂತ ಶಲವಡ್ಯಾಗ ತಿಳಕೊಂಡಾರ. ಹಂಗಂದ್ರ ಅಂವಗ ನನ್ನ ಮ್ಯಾಲ ಇನ್ನೂ ಏನೋ ಹಕ್ಕು ಐತಿ ಅಂದಂಗಾತಲ್ರಿ. ಲಗ್ನ ಮುರದ್ರ ಮುರೀಲಿ. ಆದ್ರ ಅವನ ಹೆಸರಿನಾಗ ಮುರೀಬಾರದು. ಯಾರು ಮಾಡ್ಯಾರ, ಅಷ್ಟು ಹುಡುಕಿ ಕೊಡ್ರಿ ಸಾಹೇಬ್ರ.”

ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಅನಾಮಧೇಯ ಪತ್ರದ ಮೂಲಕ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ; ಅನುಮತಿಯಿಲ್ಲದೆ ದತ್ತಾಂಶ ತೆಗೆದದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ. ಎರಡನೆಯದನ್ನು ಇನ್‌ಸ್ಪೆಕ್ಟರ್ ದರ್ಜೆಯವರೇ ತನಿಖೆ ಮಾಡಬೇಕು. ಮಡ್ಲಿಯವರು ಕಡತವನ್ನು ತಾವೇ ತೆಗೆದುಕೊಂಡರು.

ಹಳೆಯ ಹುಡುಗನ ವಿಷಯ ಒಂದು ತಾಸಿನಲ್ಲಿ ಮುಗಿಯಿತು. ಅವನು ಬೆಳಗಾವಿಯಲ್ಲಿದ್ದ, ಮದುವೆಯಾಗಿ ಮಗುವಿತ್ತು. ನಿಶ್ಚಯದ ಫೋಟೋಗಳನ್ನು ಅವನ ಕಡೆಯವರು ತೆಗೆದುಕೊಂಡೇ ಇರಲಿಲ್ಲ. ಸೌಂದರ್ಯಾಳ ಮನೆಯಲ್ಲಿದ್ದ ಆಲ್ಬಮ್ಮನ್ನು ಅವಳ ತಂದೆ ಸಂಬಂಧ ಮುರಿದ ವಾರವೇ ನೀರೊಲೆಗೆ ಹಾಕಿದ್ದರು. ಉಳಿದದ್ದು ಒಂದೇ ಜಾಗ: ಫೋಟೋ ತೆಗೆದ ಸ್ಟುಡಿಯೋ.

ಅದೇ ದಿನ ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ ಇನ್‌ಸ್ಪೆಕ್ಟರ್, ಭೀಮಶಿ ಮತ್ತು ಮಹಿಳಾ ಕಾನ್‌ಸ್ಟೇಬಲ್ ತಬಸುಮ್ ಮಿಶ್ರಿಕೋಟಿ ತಲುಪಿದರು. ಸ್ಟುಡಿಯೋದ ಮಾಲೀಕ ಗೌರೀಶ, ಐವತ್ತೆರಡು ವರ್ಷದವರು. ಮುಂದೆ ಅಂಗಡಿ, ಹಿಂದೆ ಮನೆ.

“ಇಪ್ಪತ್ತೊಂದರ ಫೋಟೋ ಎಲ್ಲಿ ಇಟ್ಟೀರಿ?”

“ಹಾರ್ಡ್ ಡಿಸ್ಕ್‌ದಾಗ ಇದ್ವುರಿ. ಕಂಪ್ಯೂಟರಿಗೆ ವಾಯರ್ ಹಚ್ಚಿ ನೋಡತೇವಲ್ರಿ, ಆ ಕರೀ ಡಬ್ಬಿ. ಏಳು ವರ್ಷದ ಲಗ್ನ, ಬಸರಿ ಕುಬಸ, ತೊಟ್ಟಿಲ, ಎಲ್ಲಾ ಅದರಾಗ. ದೀಪಾವಳಿ ಆದ ಮ್ಯಾಲ ಕೆಟ್ಟು ಹೋತು.”

“ಕೆಟ್ಟದ್ದು ಎಲ್ಲೈತಿ?”

“ಒಗದೇವಿ. ಗುಜರಿಗೆ ಹಾಕಬ್ಯಾಡ, ಕೆಟ್ಟದ್ದರಾಗಿಂದನೂ ತಗಿಯವರು ಇರತಾರ, ಒಳಗಿನ ತಟ್ಟಿ ಪುಡಿ ಮಾಡಿ ಒಗಿ ಅಂತ ತಿಳದವರು ಹೇಳಿದ್ರು. ಮನ್ಯಾಕಿ ಕೈಯಾಗ ಸುತಗಿ ಕೊಟ್ಟಿದ್ದೆ. ಒಡದು ಒಗದಾಳ.”

ಹೆಂಡತಿ ಮಲ್ಲಕ್ಕ ಬಾಗಿಲಲ್ಲಿ ನಿಂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ತಬಸುಮ್ ಅದನ್ನು ಗಮನಿಸಿದಳು.

“ಅಕ್ಕಾರ, ಒಡದ್ರೇನು?”

ಮಲ್ಲಕ್ಕ ಗಂಡನ ಕಡೆ ನೋಡಲಿಲ್ಲ. “ಇಲ್ಲವಾ.”

“ಏನಂದಿ?” ಗೌರೀಶ ಎದ್ದು ನಿಂತರು.

“ಏಳು ವರ್ಷ ಖಂಡೇನವಮಿಗೆ ಆಯುಧದ ಜೋಡಿ ಪೂಜಿ ಮಾಡೇನಿ ಅದಕ್ಕ. ಮೂರ ಬಟ್ಟಿನ ವಿಭೂತಿ ಹಚ್ಚಿ, ಹೂವಾ ಇಟ್ಟು, ಕಾಯಿ ಒಡದು. ಅದರ ಮ್ಯಾಲ ಸುತಗಿ ಹಾಕೂದ? ಸುತಗಿ ಎತ್ತಿದೆ, ಕೈ ಇಳೀಲಿಲ್ಲ.”

“ಅದೇನು ದೇವರ ಫೋಟೋ ಅಂತ ತಿಳಕೊಂಡಿದ್ಯಾ?”

“ದಿನಾ ಅಂಗಡಿ ತಗದು ಮದಲು ಅದಕ್ಕ ಊದಿನಕಡ್ಡಿ ಬೆಳಗಾವ್ರು ಯಾರು? ನಾನೇನು?”

ಭೀಮಶಿ ಕೆಮ್ಮಿದಂತೆ ಮಾಡಿ ನಗು ನುಂಗಿದರು.

“ಹಂಗಾದ್ರ ಎಲ್ಲಿ ಇಟ್ರಿ?” ಮಡ್ಲಿ ಕೇಳಿದರು.

“ಕೆರಿ ದಂಡಿ ಬೇವಿನ ಕಟ್ಟಿಗೆ. ಒಡದ ದೇವರ ಫೋಟೋ, ಮುಕ್ಕಾದ ಮೂರ್ತಿ ಎಲ್ಲಾ ಅಲ್ಲೇ ಇಡತೇವ್ರಿ. ಪೂಜಿ ಕಂಡದ್ದನ್ನ ತಿಪ್ಪಿಗೆ ಹಾಕಬಾರದು.”

ಗೌರೀಶ ಹೊಸ್ತಿಲ ಮೇಲೆ ಕುಳಿತರು. “ಏಳುನೂರು ಮಂದಿ ಮನೀದು ಅದರಾಗ ಐತಿ,” ಎಂದರು. ಅದನ್ನು ಯಾರಿಗೂ ಹೇಳಿದಂತಿರಲಿಲ್ಲ.

ಡಿಸ್ಕ್ ಕೊಂಡಾಗ ಬಂದ ರಟ್ಟಿನ ಪೆಟ್ಟಿಗೆ ಅಟ್ಟದ ಮೇಲಿತ್ತು. ಅದರ ಮೇಲಿನ ಕ್ರಮ ಸಂಖ್ಯೆಯನ್ನು ಬರೆದುಕೊಳ್ಳಲಾಯಿತು. ಸಂಜೆ 4 ಗಂಟೆ 15 ನಿಮಿಷಕ್ಕೆ ಇಬ್ಬರು ಪಂಚರ ಸಮಕ್ಷಮ ಬೇವಿನ ಕಟ್ಟೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಗಾಜು ಒಡೆದ ಚೌಕಟ್ಟು ಹನ್ನೊಂದು, ಮಣ್ಣಿನ ಗಣಪತಿಯ ಸೊಂಡಿಲು, ತುಕ್ಕು ಹಿಡಿದ ಗಂಟೆ. ಕರಿಯ ಡಬ್ಬಿ ಇರಲಿಲ್ಲ.

“ಇಲ್ಲಿಂದ ಯಾರರ ಒಯ್ಯತಾರೇನು?”

“ಛೇ,” ಎಂದರು ಪಂಚರಲ್ಲಿ ಒಬ್ಬರು. “ಕಸದ ಗಾಡಿಯಾಕಿ ಸೈತ ಇದನ್ನ ಬಿಟ್ಟು ಬಾಜೂದ್ದು ತುಂಬಕೊಂಡು ಹೋಗತಾಳ.”

ಬುಧವಾರ ಬೆಳಿಗ್ಗೆ ಮಡ್ಲಿ ಶಲವಡಿಗೆ ಹೋಗಿ ಪ್ರಭುವಿನ ತಾಯಿ ನಾಗರತ್ನಾ ಅವರ ಹೇಳಿಕೆ ಪಡೆದರು. ಅವರು ಪಡಸಾಲೆಯಲ್ಲಿ ಕುಳಿತು ಕಡಲೆ ಹಸನು ಮಾಡುತ್ತಿದ್ದರು. ಮಾತಾಡುವಾಗಲೂ ಮೊರ ಕೆಳಗಿಡಲಿಲ್ಲ.

“ಫೋಟೋ ನೋಡಿ ಸಿಟ್ಟು ಬಂದಿಲ್ರಿ. ನಿಶ್ಚಯ ಮುರೀತಾವ, ಹೊಸಾದೇನಲ್ಲ. ಮಗಗ ಗೊತ್ತಿತ್ತು, ನನಗ ಹೇಳಲಿಲ್ಲ. ಅದು ಮನಸ್ಸಿಗೆ ಹತ್ತೇತಿ. ಮ್ಯಾಲ ಆ ಹುಡುಗ ಇನ್ನೂ ಬೆನ್ನ ಹತ್ಯಾನ ಅಂದ್ರ, ನಾಳೆ ನಮ್ಮ ಬಾಗಲಕ್ಕ ಬರತಾನ. ಯಾರು ಅನ್ನೂದು ತಿಳೀಲಿ. ಆಮ್ಯಾಲ ನೋಡೂಣು. ಅಲ್ಲೀತನಕಾ ಲಗ್ನದ ಹಂದರಾ ಹಾಕಂಗಿಲ್ಲ.”

ಅದೇ ಹೊತ್ತಿಗೆ ಭೀಮಶಿ ಮತ್ತು ತಬಸುಮ್ ಹುಬ್ಬಳ್ಳಿಯಲ್ಲಿದ್ದರು. ಕೆಟ್ಟ ಡಿಸ್ಕಿನಿಂದ ಫೋಟೋ ಹೊರಬಂದಿದೆ ಎಂದರೆ ಯಾರೋ ಅದನ್ನು ರಿಪೇರಿ ಮಾಡಿದ್ದಾರೆ. ಮೊದಲ ಮೂರು ಅಂಗಡಿಗಳಲ್ಲಿ ತಲೆ ಅಲ್ಲಾಡಿಸಿದರು. ನಾಲ್ಕನೆಯದು ದಾವೂದಸಾಬ ಎಂಬವರದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದ ಮುದುಕರು ಸಂಖ್ಯೆ ಕೇಳಿ ವಹಿ ತೆರೆದರು.

“ಹಾಂ, ಬಂದಿತ್ತರಿ. ಜನವರಿ ಆರಕ್ಕ. ವಿಭೂತಿ ಮೆತ್ತಿತ್ತು ಅದಕ್ಕ, ಅಗದಿ ಗಟ್ಟಿ ಕುಂತಿತ್ತು. ಹಣೀ ಒರಸಿದಂಗ ನಾನ ಒರಸೇನಿ.”

“ತಂದವರು?”

“ಒಬ್ಬಾಕಿ ಹೆಣಮಗಳು. ಡಿಸ್ಕ್ ಸತ್ತಿರಲಿಲ್ರಿ, ಬೋರ್ಡ್ ಸುಟ್ಟಿತ್ತು ಅಷ್ಟ. ಬ್ಯಾರೇ ಬೋರ್ಡ್ ಹಚ್ಚಿದೆ, ಎದ್ದು ಕುಂತಿತು. ಯಾರದಿದು ಅಂತ ಕೇಳಿದೆ. ನನ್ನ ಲಗ್ನದ್ದು ಅಂದ್ಲು. ಅಕಿ ಹೇಳಿದ್ದನ್ನ ತಗದು ತೋರಿಸಿದೆ. ಹೌದು, ಅಕೀನ ಮದುಮಗಳು. ಅದರಾಗ ಅವರ ಅವ್ವ ಬಂದ್ಲು. ತೀರಿಕೊಂಡಾಳಂತ. ನೋಡಕೋತ ಇಲ್ಲೇ ನಿಂತು ಅತ್ತಳು. ಮತ್ತ ಹೆಚ್ಚಿಗೆ ಏನ್ ಕೇಳೂದ್ರಿ? ಪುಣ್ಯದ ಕೆಲಸ ಅಂತ ತಿಳಕೊಂಡೆ.”

ವಹಿಯಲ್ಲಿ ಮೊಬೈಲ್ ಸಂಖ್ಯೆ ಇತ್ತು. ಸಂಜೆಯ ಹೊತ್ತಿಗೆ ಹೆಸರು ತಿಳಿಯಿತು. ರೋಹಿಣಿ, ಮೂವತ್ತೊಂದು ವರ್ಷ, ಬಿ.ಕಾಂ. ಗಂಡನನ್ನು ಬಿಟ್ಟು ತವರಿಗೆ ಮರಳಿ ಐದು ವರ್ಷ. ಮಿಶ್ರಿಕೋಟಿಯಲ್ಲಿ ಕಸದ ಗಾಡಿ ಓಡಿಸುವವಳು.

“ಮುಟ್ಟಂಗಿಲ್ಲ ಅಂದ್ರಲ್ಲ ಪಂಚರು,” ಎಂದರು ಭೀಮಶಿ.

“ದೇವರನ್ನ ಮುಟ್ಟಂಗಿಲ್ರಿ ಕಾಕಾ,” ಎಂದಳು ತಬಸುಮ್. “ಡಿಸ್ಕ್ ಗುರುತು ಸಿಗತೇತಿ, ಓದಿದಾಕಿ.”

ಫೆಬ್ರವರಿ 13, ಗುರುವಾರ. ಮಧ್ಯಾಹ್ನ 3 ಗಂಟೆ 10 ನಿಮಿಷ. ರೋಹಿಣಿ ಮನೆಯ ಮುಂದೆ ಗಾಡಿ ತೊಳೆಯುತ್ತಿದ್ದಳು. ಪೊಲೀಸರನ್ನು ಕಂಡು ಪೈಪಿನ ನಳ ಬಂದ್ ಮಾಡಿ ಕೈ ಒರೆಸಿಕೊಂಡಳು.

“ಒಳಗ ಬರ್ರಿ. ಹೊರಗ ಬ್ಯಾಡ.”

ಕೇಳುವ ಮೊದಲೇ ಟ್ರಂಕ್ ತೆರೆದಳು. ಡಿಸ್ಕ್ ಒಂದು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿತ್ತು. ಲ್ಯಾಪ್‌ಟಾಪ್ ಪಕ್ಕದಲ್ಲಿತ್ತು. ಸಂಖ್ಯೆ ತಾಳೆಯಾಯಿತು. ಪಂಚರ ಎದುರಿನಲ್ಲಿ ಎರಡನ್ನೂ ಜಪ್ತಿ ಮಾಡಿ ಅರಗಿನ ಮುದ್ರೆ ಹಾಕಲಾಯಿತು.

“ಯಾವಾಗ ಸಿಕ್ಕಿತು?”

“ನವೆಂಬರ್‌ದಾಗ. ಸ್ಟುಡಿಯೋದ ಚೀಟಿ ಅಂಟಿಸಿತ್ತು ಅದಕ್ಕ. ನನ್ನ ಲಗ್ನದ ವಿಡಿಯೋ ಅವರ ತಗದಾರ. ನಮಗ ಬರಬೇಕಾದ ಪ್ರತೀನ ಗಂಡನ ಮನಿಯವರು ಕೊಡಲಿಲ್ಲ. ಅವ್ವ ನಡದಾಡೂದು ಎಲ್ಲೂ ಇಲ್ರಿ, ಅದೊಂದರಾಗ ಐತಿ.”

“ಗೌರೀಶ ಅವರನ್ನ ಕೇಳಬೇಕಿತ್ತು.”

“ಕೇಳಿದ್ರ ಯಾಕ ಅಂತ ಕೇಳತಿದ್ರು.”

“ಸೌಂದರ್ಯಾ ನಿಮಗ ಏನು ಮಾಡ್ಯಾಳ?”

“ಏನೂ ಇಲ್ರಿ. ಒಳ್ಳೇ ಹುಡುಗಿ. ಹಸಿ ಕಸ ಒಣ ಕಸ ಬ್ಯಾರೆ ಮಾಡಿ ಕೊಡಾಕಿ ಓಣ್ಯಾಗ ಅಕಿ ಒಬ್ಬಾಕೀನ.”

“ಮತ್ತ?”

ರೋಹಿಣಿ ಟ್ರಂಕ್ ಮುಚ್ಚಿದಳು. “ನನ್ನ ಗಂಡಗ ಮದಲ ಒಂದು ಲಗ್ನ ಆಗಿತ್ತರಿ. ಒಂದು ಕೂಸೂ ಇತ್ತು. ನನಗ ಎಂಟ ತಿಂಗಳ ಮ್ಯಾಲ ತಿಳೀತು. ಅವರ ಊರಾಗ ಎಲ್ಲಾರಿಗೂ ಗೊತ್ತಿತ್ತು. ಅಕ್ಕಿಕಾಳು ಹಾಕಿದವರಿಗೆ ಗೊತ್ತಿತ್ತು, ಹೋಳಿಗಿ ಬಡಿಸಿದವರಿಗೆ ಗೊತ್ತಿತ್ತು. ಒಬ್ಬರೂ ಒಂದು ಚೀಟಿ ಬರದು ಕಳಿಸಲಿಲ್ಲ. ವಿಡಿಯೋದಾಗ ಅವ್ವನ್ನ ಹುಡುಕಕೋತ ಬ್ಯಾರೇ ಹುಡುಗ್ಯಾರ ಫೋಟೋನೂ ನೋಡಿದೆ. ಸೌಂದರ್ಯಾಂದು ಕಂಡ್ತು. ಸಂಕ್ರಾಂತಿಗೆ ಅಕಿ ಲಗ್ನ ಶಲವಡಿಗೆ ಗೊತ್ತಾತು ಅಂತ ಕೇಳಿದೆ. ಅವರಿಗೂ ಯಾರೂ ಹೇಳಿರಾಕಿಲ್ಲ ಅನಸ್ತು. ಒಬ್ಬರರ ಹೇಳಬೇಕಲ್ಲ.”

“ಹೇಳೂದು ಬ್ಯಾರೆ, ಅಂಜಸೂದು ಬ್ಯಾರೆ.”

“ಬರೇ ಹೇಳಿದ್ರ ಯಾರ ಕೇಳತಾರ್ರಿ?”

“ಹುಡುಗಿ ಹೇಳಿದ್ಲು,” ಎಂದರು ಮಡ್ಲಿ. “ನೋಡಾಕ ಬಂದ ದಿವಸನ. ಹುಡುಗಗ ಎಲ್ಲಾ ಗೊತ್ತೈತಿ.”

ರೋಹಿಣಿ ತಲೆಯೆತ್ತಿ ತಬಸುಮ್ಮಳ ಕಡೆ ನೋಡಿದಳು, ಇನ್‌ಸ್ಪೆಕ್ಟರರ ಮಾತು ನಿಜವೇ ಎಂದು ಅವಳನ್ನು ಕೇಳುವಂತೆ. ತಬಸುಮ್ ಹೌದೆಂದು ತಲೆಯಾಡಿಸಿದಳು.

“ಹೇಳಿದ್ಲಾ,” ಎಂದಳು ರೋಹಿಣಿ. “ಹಂಗೂ ಹೇಳಾವ್ರು ಇರತಾರ?”

ಬೆದರಿಕೆ ಇನ್ನೂ ಜಾರಿಯಲ್ಲಿತ್ತು, ಫೋಟೋಗಳ ಪ್ರತಿಗಳು ಅವಳ ಮೊಬೈಲಿನಲ್ಲೂ ಇದ್ದವು. ನೋಟಿಸ್ ಕೊಟ್ಟು ಬಿಡುವ ಹಾಗಿರಲಿಲ್ಲ. ಸಂಜೆ 4 ಗಂಟೆ 35 ನಿಮಿಷಕ್ಕೆ, ಸೂರ್ಯಾಸ್ತಕ್ಕೆ ಮೊದಲು, ಮಹಿಳಾ ಕಾನ್‌ಸ್ಟೇಬಲ್ ತಬಸುಮ್ ಅವರ ಮೂಲಕ ದಸ್ತಗಿರಿ ಮಾಡಲಾಯಿತು. ಮೊಬೈಲಿಗೂ ಮುದ್ರೆ ಬಿತ್ತು.

ಶುಕ್ರವಾರ ಬೆಳಿಗ್ಗೆ ಸೌಂದರ್ಯಾ ಠಾಣೆಗೆ ಬಂದಳು. ಈ ಸಲ ತಂದೆ ಜೊತೆಗಿದ್ದರು. ಪತ್ರ ಗುರುತಿಸಲು ನಾಗರತ್ನಾ ಅವರನ್ನೂ ಕರೆಸಲಾಗಿತ್ತು. ಯಾರು, ಯಾಕೆ ಎಂಬುದನ್ನು ಮಡ್ಲಿ ನಾಲ್ಕು ಮಾತಿನಲ್ಲಿ ಹೇಳಿದರು.

ನಾಗರತ್ನಾ ಸೌಂದರ್ಯಾಳ ಕಡೆ ತಿರುಗಿದರು.

“ನನ್ನ ಮಗಗ ಹೇಳಿದಾಕಿ ನನಗ ಯಾಕ ಹೇಳಲಿಲ್ಲ?”

“ಅವರು ಹೇಳತಾರ ಅಂತ ತಿಳಕೊಂಡಿದ್ದೇನ್ರಿ ಅತ್ತಿ.”

“ಅಂವಾ? ಪೇಟಿಯಿಂದ ಉಪ್ಪು ತಾ ಅಂದ್ರ ಮರೀತಾನ.” ನಾಗರತ್ನಾ ಎದ್ದರು. “ಇನ್ನ ಮುಂದ ನನಗ ಹೇಳೂದು ಇದ್ರ ನನ್ನ ಮುಂದ ಹೇಳು.” ಹೊರಗೆ ಹೋಗುತ್ತ ಸೌಂದರ್ಯಾಳ ತಂದೆಗೆ, “ಹಂದರದವಗ ಬಾ ಅಂತ ಹೇಳತೇನ್ರಿ,” ಎಂದರು.

ದೂರು ಹಿಂದಕ್ಕೆ ಪಡೆಯುತ್ತೀರಾ ಎಂದು ಭೀಮಶಿ ಕೇಳಿದರು.

“ಇಲ್ರಿ,” ಎಂದಳು ಸೌಂದರ್ಯಾ. “ಅಕೀನ ನೋಡಿದ್ರ ಪಾಪ ಅನಸ್ತೇತಿ. ಆದ್ರ ಆರು ರಾತ್ರಿ ನಾನೂ ನಿದ್ದಿ ಮಾಡಿಲ್ಲ.”

ನ್ಯಾಯಾಲಯಕ್ಕೆ ಹಾಜರುಪಡಿಸುವ ಮೊದಲು ತಬಸುಮ್ ಹೇಳಿಕೆಯನ್ನು ರೋಹಿಣಿಗೆ ಓದಿ ಹೇಳಿದಳು. ಎಲ್ಲ ಸರಿಯಿದೆ ಎಂದ ರೋಹಿಣಿ ಇನ್ನೊಂದು ಮಾತು ಸೇರಿಸಬೇಕು ಎಂದಳು. ಅದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ. ಆದರೂ ಮಡ್ಲಿ ಬರೆದುಕೊಳ್ಳಲು ಹೇಳಿದರು.

ಡಿಸ್ಕ್ ಸರಿಯಾಗಿ ಬಂದ ಮೇಲೆ ಅವಳು ತನ್ನ ಮದುವೆಯ ವಿಡಿಯೋವನ್ನು ತಡೆತಡೆದು ನೋಡುತ್ತ ಹೋಗಿದ್ದಳು. ಒಂದೊಂದು ಮುಖ ಬಂದಾಗಲೂ ನಿಲ್ಲಿಸಿ, ಇವರಿಗೆ ಗೊತ್ತಿತ್ತೇ ಎಂದು ನೋಡುತ್ತಿದ್ದಳು. ನಗುವವರು, ಕಣ್ಣು ತಪ್ಪಿಸುವವರು. ಗೊತ್ತಿತ್ತು ಎಂದು ನಲವತ್ತೊಂದು ಜನರನ್ನು ಗುರುತು ಮಾಡಿದ್ದಳು. ಅವರಾದ ಮೇಲೆ ಅವಳ ಅವ್ವ ಬಂದರು, ಬೀಗರ ಪಕ್ಕದಲ್ಲಿ ನಿಂತು ಏನೋ ಕೇಳಿಸಿಕೊಂಡು ತಲೆ ತಗ್ಗಿಸಿದರು. ಅಲ್ಲಿಗೆ ಅವಳು ನಿಲ್ಲಿಸಿದಳು. ಮುಂದಿನದನ್ನು ಇವತ್ತಿನವರೆಗೂ ನೋಡಿಲ್ಲ.

ತಬಸುಮ್ ಅಷ್ಟನ್ನೂ ಬರೆದು ಕಾಗದ ತಿರುಗಿಸಿ ಕೊಟ್ಟಳು. ರೋಹಿಣಿ ಸಹಿ ಮಾಡಿದಳು.