ಬದುವಿನ ಮೇಲಿನ ಗರಿಕೆ

ಬಂಗಲೆಯ ಹಿತ್ತಲ ಗೇಟು ದಾಟುತ್ತಿದ್ದಂತೆ ಪಿಳ್ಳಮ್ಮನಿಗೆ ವಾಕರಿಕೆ ಬಂತು. ತಲೆಯ ಮೇಲಿದ್ದ ದಂಟಿನ ಸೊಪ್ಪಿನ ಕುಕ್ಕೆ ಇಳಿಸಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಎದುರಿಗೆ ಒಂದು ಗುಂಡಿ. ಅದರ ತುಂಬ ಸಗಣಿ, ಕೆಮ್ಮಣ್ಣು, ಕೊಳೆತು ನಾರುವ ಹೊಂಗೆ ಹಿಂಡಿ. ಮೊಣಕಾಲವರೆಗೆ ಇಳಿದು ಅದನ್ನು ತುಳಿಯುತ್ತಿದ್ದ ಗಂಡಸು ತಲೆಯೆತ್ತಿ ನಕ್ಕ. ವೆಂಕಟರಾಮಪ್ಪ! ಅಪ್ಪ ಸಂತೆಯಲ್ಲಿ ದೂರದಿಂದ ತೋರಿಸಿದ್ದ, ಶುಕ್ರವಾರ ವೀಳ್ಯ ಹಿಡಿದು ಅವಳನ್ನು ಗೊತ್ತುಮಾಡಿಕೊಳ್ಳಲು ಬರಬೇಕಾದ ಗಂಡು.

ಹುಡುಗ ಬಸವನಗುಡಿಯ ಹೊಸ ಬಂಗಲೆಯಲ್ಲಿ ಹೂದೋಟ ನೋಡಿಕೊಳ್ಳುತ್ತಾನೆ ಎಂದಿದ್ದ ಅಪ್ಪ ಅಣ್ಣಯ್ಯಪ್ಪ. ಅಷ್ಟು ಕೇಳಿದ್ದೇ ತಡ, ಇವಳು ತಿಂಗಳಿಡೀ ಮನಸ್ಸಿನಲ್ಲೇ ಗುಲಾಬಿ ಮುಡಿದುಕೊಂಡು ಓಡಾಡಿದ್ದಳು. ಈಗ ನೋಡಿದರೆ ಅವನ ಹುಬ್ಬಿನ ಮೇಲೂ ಸಗಣಿ.

"ಏನಿದು ಅಸಹ್ಯ?"

"ಲಾನು. ಗರಿಕೆ ಬೇರು ಕೊಚ್ಚಿ, ಇದ್ರಲ್ಲಿ ಕಲಸಿ ನೆಲಕ್ಕೆ ಮೆತ್ತೋದು. ದಿನಾ ನೀರು ಬಿಟ್ರೆ ಹದಿನೈದು ದಿನಕ್ಕೆ ಚಿಗುರುತ್ತೆ."

"ಯಾರು ತಿನ್ನಕ್ಕೆ?"

"ಯಾರೂ ತಿನ್ನಲ್ಲ. ಸಂಜೆ ಈ ಬಂಗಲೆ ಅಮಲ್ದಾರ್ರು ಅದ್ರ ಮೇಲೆ ಕುರ್ಚಿ ಹಾಕ್ಕೊಂಡು ಕೂತ್ಕೋತಾರೆ."

ಪಿಳ್ಳಮ್ಮನ ಮೈಯೆಲ್ಲ ಉರಿಯಿತು. ಏಳನೇ ವಯಸ್ಸಿನಿಂದ ಮಂಡಿಯೂರಿ ಅವಳು ಕಿತ್ತದ್ದು ಇದೇ ಗರಿಕೆ. ಅದು ಸೇರಿದ ಸೊಪ್ಪಿನ ಮಡಿ ಹಾಳು. ಬೇಸಿಗೆ ಇನ್ನೂ ಶುರುವಾಗಿದೆಯಷ್ಟೇ, ಆಗಲೇ ಅಪ್ಪನ ಬಾವಿ ತಳ ಕಂಡಿತ್ತು. ಸೊಪ್ಪಿಗೆ ನೀರನ್ನು ಮಡಕೆಯಲ್ಲಿ ಅಳೆದು ಹುಯ್ಯುತ್ತಿದ್ದರು.

"ಸೊಪ್ಪಿಗೇ ನೀರಿಲ್ಲ, ಕಳೆಗೆ ನೀರಾ? ನಾನು ಕಳೆ ಕೀಳೋಳು, ನೀವು ಕಳೆ ನೆಡೋರು. ಶುಕ್ರವಾರ ಬರ್ಬೇಡಿ."

ಅವನ ನಗು ಇಂಗಿಹೋಯಿತು. ಗುಂಡಿಯಿಂದ ಮೇಲೆ ಬಂದವನು, ನೆರಳಿನಲ್ಲಿದ್ದ ಒದ್ದೆ ಗೋಣಿ ಸರಿಸಿದ. ಕೆಳಗೆ ಗರಿಕೆಯ ಕಟ್ಟುಗಳು. ಒಂದೊಂದಕ್ಕೂ ಗರಿಕೆಯ ಬಳ್ಳಿಯನ್ನೇ ಎರಡು ಸುತ್ತು ಸುತ್ತಿ ಹಾಕಿದ ಗಂಟು. ಅಮ್ಮ ಕಲಿಸಿದ, ಅವಳದೇ ಗಂಟು.

"ನಾನು ನಮ್ಮ ಬದುವಿನ ಮೇಲೆ ಎಸೆದಿದ್ದು! ಬೆಳಗಾದ್ರೆ ಇರ್ತಿರ್ಲಿಲ್ಲ, ಯಾವ್ದೋ ದನ ತಿನ್ನುತ್ತೆ ಅನ್ಕೊಂಡಿದ್ದೆ."

"ಆ ದನ ನಾನೇ."

ಅವಳಿಗೆ ನಗು ಬಂದುಬಿಟ್ಟಿತು. ಸೆರಗು ಮೂಗಿನ ಮೇಲಿದ್ದದ್ದು ಒಳ್ಳೆಯದೇ ಆಯಿತು.

"ಬೇರೆಯೋರು ಕಿತ್ರೆ ಬೇರು ಅರ್ಧಕ್ಕೇ ತುಂಡು, ಚಿಗುರೋದೇ ಇಲ್ಲ. ಇದು ನೋಡು, ತುದಿ ತನಕ ಬಂದೈತೆ," ಎಂದ ಅವನು, ಬಿಳಿ ಬೇರನ್ನು ಬೆರಳಲ್ಲಿ ಸವರುತ್ತ. "ಇದ್ಯಾರ ಕೈ ಅಂತ ನೋಡೋಕೆ ಒಂದಿನ ನಿಮ್ಮ ಬೇಲಿ ಹತ್ರ ನಿಂತಿದ್ದೆ. ಆಮೇಲೇ ನಿಮ್ಮಪ್ಪನ ಕೇಳಿದ್ದು."

ಅವಳ ಬೆರಳುಗಳನ್ನು ಇದುವರೆಗೆ ಯಾರೂ ಹೀಗೆ ನೋಡಿರಲಿಲ್ಲ. ಉಗುರಿನ ಮಣ್ಣು ಕಾಣದಂತೆ ಕೈಯನ್ನು ಸೆರಗಿನಲ್ಲಿ ಅಡಗಿಸಿದಳು.

"ಹುಬ್ಬು ಒರೆಸ್ಕೊಳ್ಳಿ," ಎಂದಳು.

ಅವನು ಅದೇ ಕೈಯಲ್ಲಿ ಒರೆಸಿಕೊಂಡ. ಸಗಣಿ ಹಣೆಗೂ ಹತ್ತಿತು.

"ಥೂ!" ಎಂದು ಕುಕ್ಕೆ ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ನಡೆದಳು. ಆದರೂ ಹೋಗುತ್ತ ಎರಡು ಸಲ ತಿರುಗಿ ನೋಡಿದಳು.

ಮರುದಿನ ಸಂಜೆ ಕಳೆ ಕೀಳುತ್ತಿದ್ದಾಗ ಅಪ್ಪ ಬಂದು ನಿಂತ. "ಶುಕ್ರವಾರಕ್ಕೆ ಏನವ್ವ ಹೇಳ್ಲಿ?"

"ಸೀಗೆಕಾಯಿ ಹಾಕಿ ಮೂರು ಸಲ ಮೈ ತೊಳ್ಕೊಂಡು ಬರ್ಲಿ. ಆ ನಾತ ನನಗಾಗಲ್ಲ."

ಅಪ್ಪ ನಗುತ್ತ ಹೋದ. ಅವಳು ಕಟ್ಟುಗಳನ್ನು ಬದುವಿನ ಮೇಲೆ ಒತ್ತಾಗಿ ಜೋಡಿಸಿದಳು. ಮಡಕೆಯ ತಳದಲ್ಲಿ ಒಂದು ಚೊಂಬು ನೀರು ಉಳಿದಿತ್ತು, ಕೊನೆಯ ಸಾಲಿನ ಸೊಪ್ಪಿಗೆಂದು ಇಟ್ಟದ್ದು. ಹಾಳು ಗರಿಕೆ, ದರಿದ್ರ ಗರಿಕೆ ಎಂದು ಬೈಯುತ್ತಲೇ, ಬೆಳಗಿನ ತನಕ ಬೇರು ಒಣಗದಿರಲೆಂದು, ಅಷ್ಟನ್ನೂ ಅದರ ಮೇಲೆ ಚಿಮುಕಿಸಿದಳು.