ಚೈತಾಲಿ ಡಾಟ್ ಬಂಗುಡೆ

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮರುದಿನ ಬೆಳಿಗ್ಗೆ ಕಾಪುವಿನ ಆ ಮನೆಯಲ್ಲಿ ಮೊದಲ ಬಾರಿ ನೆಂಟರಿರಲಿಲ್ಲ. ಬಾಡಿಗೆ ಕುರ್ಚಿಗಳೂ ಹೋಗಿದ್ದವು. ಚೈತಾಲಿ ಹಲ್ಲುಜ್ಜಿದಳು, ಚಹಾ ಕುಡಿದಳು. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಗಂಡನ ಕಂಪ್ಯೂಟರ್ ಆನ್ ಮಾಡಿದಳು.

ತಿಲಕ್ ಮಲ್ಪೆಯ ಬೋಟುಗಳಿಗೆ ಜಿಪಿಎಸ್ ರಿಪೇರಿ ಮಾಡುತ್ತಿದ್ದವನು. ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಡೆಸ್ಕ್‌ಟಾಪಿನಲ್ಲಿ ಉಳಿದದ್ದು ನಲವತ್ತು ಫೈಲು. ಅದರಲ್ಲಿ ಒಂದರ ಹೆಸರು ‘ಚೈತಾಲಿ ಡಾಟ್ ಬಂಗುಡೆ’.

ಊರಿನವರ ಫೈಲುಗಳೆಲ್ಲ ಪಿಡಿಎಫ್, ಜೆಪೆಗ್ ಎಂದು ಮುಗಿದರೆ, ಇವನದ್ದು ಮೀನಿನಲ್ಲಿ ಮುಗಿಯುತ್ತಿತ್ತು. ಕ್ಲಿಕ್ ಮಾಡಿದರೆ ಕಂಪ್ಯೂಟರ್ ಕೇಳಿತು: ‘ಇದನ್ನು ಯಾವುದರಲ್ಲಿ ತೆರೆಯಬೇಕು?’ ಎಂ.ಎ. ಮಾಡಿದ ಅವಳಿಗೂ ಗೊತ್ತಿರಲಿಲ್ಲ.

ಆದಿ ಉಡುಪಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಲಿಡ್ವಿನ್ ತಿಲಕ್‌ನ ದೋಸ್ತಿ. ಅವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಕಂಪ್ಯೂಟರಿನ ವಿಷಯವನ್ನೂ ಶುದ್ಧ ಕನ್ನಡದಲ್ಲೇ ಹೇಳುವ ಹಟ ಅವನದ್ದು.

“ಅತ್ತಿಗೆ, ಮೊದಲಿದ್ದ ಸಂಬಂಧ ತಪ್ಪಿಹೋಗಿದೆ. ಹೊಸ ಸಂಬಂಧ ಕಟ್ಟಬೇಕು. ನನ್ನ ಹತ್ತಿರ ಒಂದು ಉಂಟು. ಹತ್ತು ನಿಮಿಷದ ಕೆಲಸ, ಈಗಲೇ ಬರ್ತೇನೆ.”

ಅಡುಗೆಮನೆಯಲ್ಲಿ ಅತ್ತೆ ಸರಸ ಅವರ ಕೈಯಿಂದ ಸೌಟು ಬಿತ್ತು.

ಲಿಡ್ವಿನ್ ಬಂದಾಗ ಅವರು ಸೀರೆ ಬದಲಿಸಿ ಬಾಗಿಲಲ್ಲೇ ಕೂತಿದ್ದರು.

“ಹುಡುಗ ಎಲ್ಲಿಯವ?”

“ಯಾವ ಹುಡುಗ ಅಮ್ಮ?”

“ಹತ್ತು ನಿಮಿಷದಲ್ಲಿ ಸಂಬಂಧ ಕಟ್ತೇನೆ ಅಂದೆಯಲ್ಲ ಮಾರಾಯ. ನಿನ್ನೆ ಬೊಜ್ಜದಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡದ್ದು ನೀನೇ ಅಲ್ವಾ?”

ಲಿಡ್ವಿನ್ ಕಿವಿಯವರೆಗೆ ಕೆಂಪಾದ. “ಫೈಲಿಗೆ ಅಮ್ಮ, ಫೈಲಿಗೆ. ಬಂಗುಡೆಗೂ ಮ್ಯಾಪಿಗೂ.”

“ಬಂಗುಡೆಗಾ?” ಸರಸ ಸೊಸೆಯತ್ತ ತಿರುಗಿದರು. “ನಾನು ಬೇಡ ಅನ್ನುವವಳಲ್ಲ ಮಗಾ. ಒಂದು ವರ್ಷ ಹೋಗಲಿ ಅಂತ, ಅಷ್ಟೇ.”

ಚೈತಾಲಿ ಕಂಪ್ಯೂಟರಿನ ಮುಂದೆ ಕೂತಳು. ಅತ್ತೆಗೆಂದು ತನ್ನ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಳು.

ತಿಲಕ್ ತಾನೇ ಬರೆದ ಸಣ್ಣ ಪ್ಯಾಕೇಜು ಅದು. ಹೋದ ತಿಂಗಳು ಹೊಸ ಸಿಸ್ಟಮ್ ಹಾಕುವಾಗ ಅಳಿಸಿಹೋಗಿತ್ತು. ಲಿಡ್ವಿನ್‌ನ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಉಳಿದಿತ್ತು. ಡಾಟ್ ಬಂಗುಡೆ ಕಂಡರೆ ಮ್ಯಾಪ್ ತೆರೆ ಎಂದು ಕಂಪ್ಯೂಟರಿಗೆ ಹೇಳಿಕೊಡುವುದಷ್ಟೇ ಅದರ ಕೆಲಸ. ಅವನು ಇನ್‌ಸ್ಟಾಲ್ ಒತ್ತಿದ. ನಲವತ್ತು ಬಿಳಿ ಹಾಳೆಗಳು ಒಮ್ಮೆಲೇ ನಲವತ್ತು ಮೀನುಗಳಾದವು.

“ಒಂದೇ ಬಲೆಗೆ,” ಎಂದರು ಸರಸ.

ಲಿಡ್ವಿನ್ ಎದ್ದ. “ನಿಮ್ಮ ಹೆಸರಿನದ್ದನ್ನು ನೀವೇ ಒತ್ತಿ ಅತ್ತಿಗೆ. ನಾನು ಹೊರಗಿರ್ತೇನೆ.”

ಅವಳು ಒತ್ತಿದಳು, ಮ್ಯಾಪ್ ತೆರೆಯಿತು. ಬೋಟಿನವರು ಮೀನು ಸಿಕ್ಕಿದಲ್ಲಿ ಗುರುತು ಹಾಕುವಂತೆ ತಿಲಕ್ ನೆಲದ ಮೇಲೆಲ್ಲ ಗುರುತು ಹಾಕಿದ್ದ. ಮಣಿಪಾಲದ ಬಸ್‌ಸ್ಟ್ಯಾಂಡಿನ ಮೇಲೆ: ‘ಇಲ್ಲಿ ನಕ್ಕಳು. ನನ್ನನ್ನು ನೋಡಿ ಅಲ್ಲ.’ ಕಾಪು ಲೈಟ್‌ಹೌಸಿನ ಬುಡದಲ್ಲಿ: ‘ಇಲ್ಲಿ ನನ್ನನ್ನು ನೋಡಿಯೇ ನಕ್ಕಳು. ಪ್ಯಾಂಟ್ ಹರಿದಿತ್ತು.’

ಕಾರ್ಕಳದ ಮೇಲೆ: ‘ಹೈಸ್ಕೂಲಿನ ಬರ್ತಾ ಟೀಚರ ಗುಲಾಬಿ ಹೆಲ್ಮೆಟ್. ಎರಡು ದಿನಕ್ಕೆಂದು ಕೇಳಿ ತಂದದ್ದು. ನಿನಗೇ ಕೊಂಡದ್ದು ಎಂದು ಅವಳಿಗೆ ಹೇಳಿಬಿಟ್ಟೆ. ಆಗ ಅವಳು ನೋಡಿದ ನೋಟ ನೆನೆದರೆ ವಾಪಸ್ ಕೊಡಲಿಕ್ಕೆ ಆಗುವುದಿಲ್ಲ.’

ಆ ಹೆಲ್ಮೆಟನ್ನು ಆರು ವರ್ಷ ಅವಳು ಯಾರ ತಲೆಗೂ ಬಿಟ್ಟಿರಲಿಲ್ಲ.

“ಕಳ್ಳ,” ಎಂದಳು ಚೈತಾಲಿ. ಆಮೇಲೆ ನಕ್ಕಳು, ನಿಲ್ಲಿಸಲು ಬಾರದ ಹಾಗೆ. ಸರಸ ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದರು.

ಮಧ್ಯಾಹ್ನ ತಿಲಕ್‌ನ ದೊಡ್ಡ ಹೆಲ್ಮೆಟ್ ತಲೆಗೆ ಹಾಕಿ, ಗುಲಾಬಿಯದ್ದನ್ನು ಕಾಲ ಬಳಿ ಇಟ್ಟುಕೊಂಡು ಅವಳು ಸ್ಕೂಟರ್ ಹತ್ತಿದಳು. ಕಾರ್ಕಳದವರೆಗಿನ ಪ್ರತಿ ಹಂಪಿನಲ್ಲೂ ಹೆಲ್ಮೆಟ್ ಮೂಗಿನ ಮೇಲೆ ಇಳಿಯಿತು.

ಬರ್ತಾ ಟೀಚರ್ ಗೇಟಿಗೆ ಬಂದವರು ಮೊದಲು ನೋಡಿದ್ದು ಗುಲಾಬಿ ಬಣ್ಣವನ್ನು. “ಎರಡು ದಿನ ಅಂದಿದ್ದ. ಹೈಸ್ಕೂಲಿನಲ್ಲಿ ಹೋಂವರ್ಕೂ ಹೀಗೆಯೇ ತರುತ್ತಿದ್ದದ್ದು. ಎಲ್ಲಿ ಅವ? ಹೆದರಿ ಹೆಂಡತಿಯನ್ನು ಕಳಿಸಿದನಾ?”

ಇಷ್ಟು ದಿನ ಅವನಿಲ್ಲ ಎನ್ನುವ ಮಾತನ್ನು ಬೇರೆಯವರೇ ಹೇಳುತ್ತಿದ್ದರು. ಚೈತಾಲಿ ಒಮ್ಮೆಯೂ ಹೇಳಿರಲಿಲ್ಲ.

“ಅವರು ತೀರಿಕೊಂಡರು ಟೀಚರ್.”

ಟೀಚರ್ ಗೇಟು ಹಿಡಿದುಕೊಂಡರು. “ಇದನ್ನು ನೀನೇ ಇಟ್ಟುಕೋ ಮಗಾ,” ಎಂದರು.

“ಬೇಡ ಟೀಚರ್. ಅವರು ನನಗೆ ಕೊಟ್ಟದ್ದು ಒಂದು ಸುಳ್ಳು. ಅದು ನನ್ನ ಹತ್ತಿರ ಇರಲಿ. ಇದು ನಿಮ್ಮದು.”

ತನ್ನ ಗದ್ದದ ಅಳತೆಗೆ ಅವನೇ ಬಿಗಿದಿದ್ದ ಪಟ್ಟಿಯನ್ನು ಸಡಿಲಿಸಿ, ಎರಡೂ ಕೈಯಲ್ಲಿ ಕೊಟ್ಟಳು.