ಮುಟ್ಟದೇ ಬಿಟ್ಟ ಪುಟ

“ನಮ್ಮಮ್ಮನ ಮುಖ ಎಲ್ಲಿ ಹೋಯ್ತು ಹೇಳಿ!”

ಹಳೇ ಕಂಪ್ಯೂಟರುಗಳ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತು ಅವಳು ಕೂಗಿದಳು. ಬೆಸುಗೆ ಹಾಕುತ್ತಿದ್ದವನು ಬೆಚ್ಚಿ ತಲೆಯೆತ್ತಿದ.

ಇವನೇನಾ...? ಆ ಹಳೇ ಯಂತ್ರಗಳಿಗೆಂದು ಚಿತ್ರ ಬಿಡಿಸುವ ಪ್ರೋಗ್ರಾಂ ಬರೆದವನು? ಸಂದೇಶದಲ್ಲಿ ಏನೇ ಕೇಳಿದರೂ ‘ಆಯ್ತು’ ಎಂದು ಒಂದೇ ಪದ ಬಿಸಾಕುವ ಜಂಬಗಾರ?

“ನೀವು... ಕನ್ನಡಿ ಕುಂಚ ಕೇಳಿದವರಲ್ವಾ?”

“ಹೌದು! ಈ ಕಡೆ ಗೆರೆ ಎಳೆದ್ರೆ ಆ ಕಡೆನೂ ಮೂಡೋ ಕುಂಚ. ಕೊಟ್ರಿ. ಬದಲಿಗೆ ಅಮ್ಮನ್ನ ಕಿತ್ಕೊಂಡ್ರಿ!”

ಆ ಪ್ರೋಗ್ರಾಂನಲ್ಲಿ ಎರಡು ಪುಟಗಳು. ಒಂದರಲ್ಲಿ ಅವಳ ಹೊಟ್ಟೆಪಾಡು: ಹೊದಿಕೆಗಳ ಅಂಚಿಗೆ ಹೂಬಳ್ಳಿ. ಇನ್ನೊಂದರಲ್ಲಿ ತೀರಿಹೋದ ಅಮ್ಮ. ಹಣೆ, ಕಣ್ಣು, ಮೂಗು ಮುಗಿದಿದ್ದವು. ತುಟಿಗೆ ಕೈಹಾಕಲು ಧೈರ್ಯ ಬಂದಿರಲಿಲ್ಲ.

ಅಮ್ಮನನ್ನು ಡಿಸ್ಕಿಗಿಳಿಸಿ ಡಬ್ಬಿಯಲ್ಲಿಡಲು ಮನಸ್ಸಾಗದೆ ಯಂತ್ರವನ್ನು ಆರಿಸುತ್ತಲೇ ಇರಲಿಲ್ಲ; ಆರಿಸಿದರೆ ಚಿತ್ರ ಅಳಿಸಿಹೋಗುತ್ತಿತ್ತು. ಬೀಗ ತೆಗೆದು ಒಳಬಂದಾಗ ಪರದೆಯಾದರೂ ಬೆಳಗುತ್ತಿರುತ್ತಿತ್ತು. ಆ ಮನೆಯಲ್ಲಿ ಅವಳಿಗಾಗಿ ಕಾಯುತ್ತಿದ್ದುದು ಅದೊಂದೇ.

ಅವನ ಮುಖ ಬಿಳಿಚಿಕೊಂಡಿತು.

“ಬಳ್ಳಿ ದೊಡ್ಡದಾದಾಗ ಮೆಮೊರಿ ಸಾಲಲ್ಲ. ಬಹಳ ದಿನ ಮುಟ್ಟದ ಪುಟ ಅಂದ್ರೆ ಬೇಡದ ಪುಟ ಅಂದ್ಕೊಂಡೆ... ಅದರ ಜಾಗ ಕುಂಚಕ್ಕೆ ಸಿಗೋ ಹಾಗೆ ಬರೆದೆ.”

“ಮುಟ್ಟಲಿಲ್ಲ ಅಂದ್ರೆ ಬೇಡ ಅಂತನಾ...?”

“ಯಂತ್ರ ಆರಿಸಿದ್ರಾ?”

“ಇಲ್ಲ.”

“ನಡೀರಿ ಮತ್ತೆ! ಪ್ರೋಗ್ರಾಂ ಆ ಪುಟದ ಜಾಗ ಕೈಬಿಟ್ಟಿದೆ ಅಷ್ಟೇ, ಅಳಿಸಿಲ್ಲ. ಮೇಲೆ ಬೇರೇನೋ ಬರೆಯೋ ತನಕ ಹಳೇದು ಅಲ್ಲೇ ಇರುತ್ತೆ!”

ಅವಳ ಮನೆಯಲ್ಲಿ ಅವನು ಉಸಿರು ಬಿಗಿಹಿಡಿದು ಕೀಲಿಗಳನ್ನೊತ್ತಿದ. ಪರದೆಯ ಮೇಲೆ ಅಡ್ಡಾದಿಡ್ಡಿ ಪಟ್ಟೆಗಳು... ಆಮೇಲೆ ಒಂದು ಹಣೆ. ಎರಡು ಕಣ್ಣು. ಮೂಗು!

ಮೊದಲು ಡಿಸ್ಕಿಗೆ ಉಳಿಸಿ, ಆಮೇಲೆ ಮಾತಾಡಿದ. “ಕೆಳಗೆಲ್ಲ ನಿಮ್ಮ ಹೂಬಳ್ಳಿ ಹಬ್ಬಿಬಿಟ್ಟಿದೆ. ಅಲ್ಲಿದ್ದದ್ದು ಬರಲ್ಲ. ಕ್ಷಮಿಸಿ...”

“ಅಲ್ಲಿ ನಾನಿನ್ನೂ ಏನೂ ಬಿಡಿಸಿರ್ಲಿಲ್ಲ!” ಅವಳು ಅಳುತ್ತಲೇ ನಕ್ಕಳು. “ನಿಮ್ಮ ಪ್ರೋಗ್ರಾಂನ ಬೇಗ ಸರಿಮಾಡಿ. ಬೇರೆಯವರ ಚಿತ್ರನೂ ಹೋದೀತು.”

“ಬೇರೆಯವರು ಯಾರೂ ಇಲ್ಲ.”

“ಅಂದ್ರೆ?”

“ಉಳಿದವರೆಲ್ಲ ಎಂದೋ ಬಿಟ್ಟುಹೋದ್ರು. ಬಳಸೋರು ನೀವೊಬ್ಬರೇ. ನಿಮ್ಮಿಂದ ಇನ್ನೊಂದು ಸಂದೇಶ ಬರ್ಲಿ ಅಂತಲೇ ಒಂದೊಂದು ಸೌಲಭ್ಯ ಸೇರಿಸ್ತಾ ಹೋದೆ.”

ಅವಳು ಪರದೆ ಬಿಟ್ಟು ಅವನತ್ತ ತಿರುಗಿದಳು. “ಹಾಗಾದ್ರೆ ಒಂದೇ ಪದದ ಉತ್ತರ ಯಾಕೆ?”

“ಉದ್ದಕ್ಕೇ ಬರೀತಿದ್ದೆ. ಓದಿ ನೋಡಿದ್ರೆ... ಹುಚ್ಚ ಬರೆದ ಹಾಗಿರ್ತಿತ್ತು. ಅಳಿಸಿಬಿಡ್ತಿದ್ದೆ.”

ಇಷ್ಟು ದಿನ ಆ ಸಂದೇಶಗಳ ಇನ್ನೊಂದು ತುದಿಯಲ್ಲೂ ಒಂದು ಖಾಲಿ ಕೋಣೆಯಿತ್ತೇ...?

“ನಾನಿನ್ನು ಬರ್ತೀನಿ,” ಎಂದು ಅವನು ಎದ್ದ.

“ಕೂತ್ಕೊಳ್ಳಿ. ಅಮ್ಮನ ತುಟಿ ಬಿಡಿಸ್ಬೇಕು. ಒಬ್ಬಳೇ ಇದ್ರೆ ಕೈ ನಡುಗುತ್ತೆ.”

“ನನಗೆ ಚಿತ್ರ ಬರಲ್ವಲ್ಲ...”

“ಬರೋದೇನೂ ಬೇಡ. ಪಕ್ಕದಲ್ಲಿರಿ, ಸಾಕು. ಅವಸರ ಇದೆಯಾ?”

“ಇಲ್ಲ... ಮನೇಲಿ ಕಾಯೋರು ಯಾರೂ ಇಲ್ಲ.”

“ನನಗೂ ಇರ್ಲಿಲ್ಲ,” ಎಂದು ಅವಳು ಸರಿದು, ಅವನಿಗೆ ಜಾಗ ಮಾಡಿಕೊಟ್ಟಳು.